ಗೂಡಿನ ಮಾರ್ಕೆಟ್ಟಿಗೆ ಹೋದ ಲ್ಯಾಪ್‌ಟಾಪುಗಳು

ಹೂಂಗುಟ್ಟುವವರು ಹತ್ತಿರ ಬನ್ನಿ, ಆಕಳಿಸುವವರು ಈಗಲೇ ಎದ್ದು ಹೋಗಿ. ಹುಣಸೆದೊಡ್ಡಿಯ ಹೊಂಬಾಳಮ್ಮನ ಕತೆ ಹೇಳುತ್ತೇನೆ. ಕತೆ ಅವಳದು, ಕಾಟ ಅವಳ ಮಗನದು.

ಹೊಂಬಾಳಮ್ಮ ರೇಷ್ಮೆಹುಳು ಸಾಕಿ, ಅವು ಕಟ್ಟಿದ ಗೂಡು ಮಾರಿ ಬದುಕುವವಳು. ಇದ್ದವನೊಬ್ಬನೇ ಮಗ, ಬೆಟ್ಟಸ್ವಾಮಿ. ಒಂಬತ್ತನೇ ಕ್ಲಾಸು. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಮೊಣಕಾಲಿಗೇ ನಿಂತುಬಿಟ್ಟಿತ್ತು. ಹೇಳಿದ್ದನ್ನು ಮಾಡದ ಮಕ್ಕಳು ಊರ ತುಂಬ ಇದ್ದಾರೆ. ಇವನು ಹೇಳಿದ್ದನ್ನೇ ಮಾಡುತ್ತಿದ್ದ. ಅದೇ ದೊಡ್ಡ ಪೀಕಲಾಟ.

ಶಾಲೆಯಲ್ಲಿ ಬಿಸಿಯೂಟಕ್ಕೆ ತಟ್ಟೆ ಕೊಟ್ಟರು. ಬೆಟ್ಟಸ್ವಾಮಿ ಉಂಡು, ಎಂಜಲು ತಟ್ಟೆಯನ್ನೇ ಪುಸ್ತಕದ ಚೀಲಕ್ಕೆ ತುರುಕಿಕೊಂಡು ಬಂದ. ಗಣಿತದ ಪುಸ್ತಕದ ತುಂಬ ಬೇಳೆಸಾರು.

"ಅಯ್ಯೋ ನನ್ನ ಹಣೇಬರವೇ! ಹಿಂಗಲ್ಲ ಕಣ್ಲಾ! ಶಾಲೇಲಿ ಏನ್ ಕೊಟ್ರೂ ಬೂದಿ ಹಾಕಿ ಉಜ್ಜಿ, ನಲ್ಲೀಲಿ ತೊಳ್ದು, ಬೋರಲು ಹಾಕಿ ಒಣಗಿಸ್ಕೊಂಡು ತರಬೇಕು!"

"ಸರಿ ಕಣವ್ವ, ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಇನ್ನೊಂದು ಸಲ ಶಾಲೆಯಲ್ಲಿ ಕೊಟ್ಟದ್ದು ತಟ್ಟೆಯಲ್ಲ, ಲ್ಯಾಪ್‌ಟಾಪು! ಪ್ರತಿಯೊಬ್ಬ ಹುಡುಗನಿಗೂ ಒಂದು, ಹುಡುಗಿಗೂ ಒಂದು. ಹೆಡ್‌ಮೇಷ್ಟ್ರು ಚನ್ನಕೇಶವಯ್ಯ ತಂದೆತಾಯಿಗಳನ್ನು ಕೂರಿಸಿ ಹೇಳಿದರು: "ನೋಡಿ, ಗೂಡಿನ ಕಾಲಕ್ಕೆ ದೊಡ್ಡ ಸಾಹೇಬರು ಬರ್ತಾರೆ. ಆವತ್ತು ಗುಂಡಿ ಒತ್ತಿದ್ರೆ ಹತ್ತಬೇಕು. ಹತ್ತದೇ ಹೋದ್ರೆ ವಾಪಸ್ ಕಿತ್ಕೋತಾರೆ!"

ಪಕ್ಕದ ಮನೆ ಈರಮ್ಮ ಸುಮ್ಮನಿರುತ್ತಾಳೆಯೆ? "ಹೊಂಬಾಳಿ, ನಿನ್ನ ಮಗನಿಗೆ ಕೊಟ್ಟಿದ್ದು ಮಂಗನ ಕೈಗೆ ಮಾಣಿಕ್ಯ ಕೊಟ್ಟಂಗೆ!" ಎಂದಳು. ಹೊಂಬಾಳಮ್ಮನ ಕರುಳಿಗೆ ಅದು ಚುರುಕ್ ಎಂದಿತು. ತನ್ನ ಮಗನಿಗೆ ಇದುವರೆಗೆ ಯಾರೂ ನಂಬಿ ಒಂದು ಚೆಂಬನ್ನೂ ಕೊಟ್ಟಿರಲಿಲ್ಲ. ಕೊಟ್ಟದ್ದು ಉಳಿಯಬೇಕು, ಈರಮ್ಮನ ಬಾಯಿ ಮುಚ್ಚಬೇಕು. ಅಷ್ಟೇ ಅವಳ ಹರಕೆ.

ಅವಳು ಹರಕೆ ಹೊರುತ್ತಿದ್ದ ಹೊತ್ತಿಗೆ ಮಗ ನಲ್ಲಿ ಕಟ್ಟೆಯ ಮೇಲೆ ಕುಳಿತು ಲ್ಯಾಪ್‌ಟಾಪಿಗೆ ಬೂದಿ ಹಾಕಿ ತಿಕ್ಕುತ್ತಿದ್ದ! ಇನ್ನೇನು ನಲ್ಲಿ ತಿರುಗಿಸಬೇಕು, ಹೆಡ್‌ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಓಡಿ ಬಂದು ಕಿತ್ತುಕೊಂಡರು. ಹಿಂದೆಯೇ ಹೊಂಬಾಳಮ್ಮ ಓಡಿ ಬಂದಳು.

"ಅಯ್ಯೋ ನನ್ನ ಹಣೇಬರವೇ! ಹಿಂಗಲ್ಲ ಕಣ್ಲಾ! ಇಂಥದ್ಕೆ ನೀರು ತೋರಿಸಬಾರದು. ಕಂಬಳೀಲಿ ಬೆಚ್ಚಗೆ ಸುತ್ತಿ, ಎದೆಗೆ ಅವುಚ್ಕೊಂಡು ತರಬೇಕು. ಹುಳಕ್ಕೆ ಸೊಪ್ಪು ಹಾಕಿದಾಗೆಲ್ಲ ಇದಕ್ಕೂ ಕರೆಂಟ್ ಹಾಕಬೇಕು. ಮರೀಬ್ಯಾಡ!"

"ಸರಿ ಕಣವ್ವ, ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಕರೆಂಟಿನ ಮಾತನ್ನು ಅವನು ಮರೆಯಲಿಲ್ಲ. ಹುಳಕ್ಕೆ ಸೊಪ್ಪು, ಲ್ಯಾಪ್‌ಟಾಪಿಗೆ ಕರೆಂಟು. ಹುಳಕ್ಕೆ ಸೊಪ್ಪು, ಲ್ಯಾಪ್‌ಟಾಪಿಗೆ ಕರೆಂಟು. ಒಂದು ಹೊತ್ತೂ ತಪ್ಪಿಸಲಿಲ್ಲ. ಮಿಕ್ಕಿದ್ದು ಕೇಳಿ.

ಹುಳುಗಳಿಗೆ ಕೊನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಬಿಟ್ಟಿತ್ತು, ಬಕಾಸುರನ ಹಸಿವು. "ಹೋಗ್ಲಾ, ತೋಟದಿಂದ ಹಿಪ್ಪುನೇರಳೆ ಸೊಪ್ಪು ಕೊಯ್ಕೊಂಡು ಬಾ" ಎಂದಳು ಹೊಂಬಾಳಮ್ಮ. ಬೆಟ್ಟಸ್ವಾಮಿ ಕೊಯ್ದ. ಕೊಯ್ದದ್ದನ್ನು ಕಂಬಳಿಯಲ್ಲಿ ಬೆಚ್ಚಗೆ ಸುತ್ತಿದ. ಎದೆಗೆ ಅವುಚಿಕೊಂಡ. ಉರಿಬಿಸಿಲಲ್ಲಿ ಜೋಗುಳ ಹೇಳುತ್ತ ನಿಧಾನಕ್ಕೆ ಬಂದ. ಬಿಚ್ಚಿದರೆ ಸೊಪ್ಪೆಲ್ಲ ಬೆಂದು ಮಸ್ಸೊಪ್ಪಾಗಿತ್ತು. ಒಗ್ಗರಣೆ ಒಂದೇ ಬಾಕಿ! ಹುಳುಗಳು ತಲೆಯೆತ್ತಿ ಇವಳ ಮುಖ ನೋಡಿದವು. ಇವಳು ಮಗನ ಮುಖ ನೋಡಿದಳು.

"ಅಯ್ಯೋ ನನ್ನ ಹಣೇಬರವೇ! ಹಿಂಗಲ್ಲ ಕಣ್ಲಾ! ಮನೆಗೆ ತಂದ ತಕ್ಷಣ ಒಂದೊಂದೇ ಬಿಡಿಸಿ, ನೆರಳಲ್ಲಿ ಹರಡಬೇಕು. ಗಾಳಿ ಆಡಬೇಕು!"

"ಸರಿ ಕಣವ್ವ, ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಮಾರನೇ ದಿನ ಶಾಲೆಯಿಂದ ಲ್ಯಾಪ್‌ಟಾಪು ಮನೆಗೆ ತಂದ. ತಂದ ತಕ್ಷಣ ನೆರಳಿಗೆ ಕೂತ. ಅದರ ಅಕ್ಷರದ ಗುಂಡಿಗಳಿವೆಯಲ್ಲ, ಅವನ್ನು ಉಗುರಿನಲ್ಲಿ ಮೀಟಿದ. ಪಟ್! ಒಂದು ಬಂತು. ಪಟ್! ಇನ್ನೊಂದು. ಹೊಂಬಾಳಮ್ಮ ಒಳಗಿಂದ ಬಂದು ನೋಡುತ್ತಾಳೆ, ಮೊರದ ತುಂಬ ಗುಂಡಿಗಳು ಅವರೆಕಾಳಿನ ಹಾಗೆ ಹರಡಿಕೊಂಡಿವೆ, ಮಗ ಬೀಸಣಿಗೆ ಹಿಡಿದು ಗಾಳಿ ಬೀಸುತ್ತಿದ್ದಾನೆ. ಕೋಳಿಯೊಂದು ಕುತ್ತಿಗೆ ಉದ್ದ ಮಾಡಿಕೊಂಡು ಬರುತ್ತಿದೆ.

"ಉಶ್! ಉಶ್! ಹೋಗೇ ಹಾಳು ಕೋಳಿ! ಅಯ್ಯೋ, ನಾನ್ಯಾವ ಕೆರೆಗೆ ಬೀಳ್ಲಿ!"

ಮೊರ ತಲೆಯ ಮೇಲೆ, ಲ್ಯಾಪ್‌ಟಾಪು ಕಂಕುಳಲ್ಲಿ, ಮಗನ ಕಿವಿ ಕೈಯಲ್ಲಿ. ಹಾಗೇ ಹೆಡ್‌ಮೇಷ್ಟ್ರ ಮನೆಗೆ ಓಡಿದಳು. ಅವರು ಕನ್ನಡಕ ಏರಿಸಿ ಒಂದೊಂದೇ ಕೂರಿಸಿದರು. ಬೆವರು ಒರೆಸಿಕೊಂಡು ಗದರಿದರು: "ಕಿತ್ತದ್ದನ್ನ ಎಲ್ಲಿಂದ ಕಿತ್ತೆಯೋ ಅಲ್ಲೇ ಇಟ್ಟು ಒತ್ತಬೇಕು. ಟಕ್ ಅನ್ನಬೇಕು. ತಿಳೀತೇನೋ ದಡ್ಡ ಶಿಖಾಮಣಿ?"

"ತಿಳೀತು ಸಾ. ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಹುಳುಗಳು ಮೇಯುವುದು ಬಿಟ್ಟು ಹಣ್ಣಾದವು, ಚಂದ್ರಿಕೆ ಹತ್ತಿದವು, ಗೂಡು ಕಟ್ಟಿದವು. ಚಂದ್ರಿಕೆಯೆಂದರೆ ಹುಳು ಗೂಡು ಕಟ್ಟಲೆಂದು ಸುರುಳಿ ಸುರುಳಿಯಾಗಿ ಹೆಣೆದ ಬಿದಿರಿನ ತಟ್ಟಿ. ಹೊಂಬಾಳಮ್ಮ ನಾಲ್ಕು ಹೆಂಗಸರನ್ನು ಕರೆದು ಬೆಳಗಿನಿಂದ ಗೂಡು ಬಿಡಿಸಿದಳು. ಹಳದಿ ರಾಶಿ ಬಿದ್ದಿತು. "ನೋಡ್ಕೊಳ್ಲಾ" ಎಂದು ಮಗನಿಗೆ ಹೇಳಿ, ಅವರಿಗೆ ಮುದ್ದೆ ಇಕ್ಕಲು ಒಳಗೆ ಹೋದಳು.

ಬೆಟ್ಟಸ್ವಾಮಿ ನೋಡಿಕೊಂಡ. ಚೆನ್ನಾಗಿಯೇ ನೋಡಿಕೊಂಡ. ಹೆಂಗಸರು ಕೈ ತೊಳೆದು ಹೊರಗೆ ಬರುವ ಹೊತ್ತಿಗೆ ರಾಶಿ ಮಾಯ! ಅಷ್ಟೂ ಗೂಡು ಮತ್ತೆ ಚಂದ್ರಿಕೆಯ ಸುರುಳಿಗಳಲ್ಲಿ ಕೂತಿವೆ. ಅವನು ಕೊನೇ ಗೂಡನ್ನು ಹೆಬ್ಬೆರಳಲ್ಲಿ ಒತ್ತುತ್ತ, "ಎಲ್ಲಾ ಅಲ್ಲಲ್ಲೇ ಇಟ್ಟೆ ಕಣವ್ವ. ಒಂದೂ ಟಕ್ ಅನ್ಲಿಲ್ಲ" ಎಂದು ಬೇಜಾರು ಮಾಡಿಕೊಂಡ.

ಹೆಂಗಸರು ಬಿದ್ದೂ ಬಿದ್ದೂ ನಕ್ಕರು. ಈರಮ್ಮನಂತೂ ನಕ್ಕೂ ನಕ್ಕೂ ಉಂಡ ಮುದ್ದೆ ಅರಗಿಸಿಕೊಂಡಳು. ಹೊಂಬಾಳಮ್ಮನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

"ಅಯ್ಯೋ ನನ್ನ ಹಣೇಬರವೇ! ಹಿಂಗಲ್ಲ ಕಣ್ಲಾ! ರಾಶಿ ಬಿದ್ಮ್ಯಾಕೆ ಒಂದು ಗಳಿಗೇನೂ ಮಡಗಬಾರದು. ಒಳಗಿಂದ ಚಿಟ್ಟೆ ತೂತು ಹೊಡ್ಕೊಂಡು ಬಂದ್ರೆ ಎಲ್ಲಾ ಹಾಳು! ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಬಂದ ಬಸ್ಸಿಗೆ ಹಾಕಿ ಗೂಡಿನ ಮಾರ್ಕೆಟ್ಟಿಗೆ ಕಳಿಸಬೇಕು!"

"ಸರಿ ಕಣವ್ವ, ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಮತ್ತೆ ಬಿಡಿಸಿ ಮುಗಿಸುವಷ್ಟರಲ್ಲಿ ಕತ್ತಲಾಯಿತು. ಮಾರನೇ ಬೆಳಿಗ್ಗೆ ಹೊಂಬಾಳಮ್ಮ ಗೂಡಿನ ಚೀಲಗಳೊಂದಿಗೆ ಮಾರ್ಕೆಟ್ಟಿಗೆ ಹೋದಳು. ಆವತ್ತೇ ಸಾಹೇಬರು ಬರುವ ದಿನ. ಹೋಗುವ ಮುಂಚೆ ಮಗನ ತಲೆಗೆ ಎಣ್ಣೆ ಹಚ್ಚಿ, ಕ್ರಾಪು ತೆಗೆದು, "ನನ್ನಪ್ಪಾ, ಇವತ್ತೊಂದು ದಿನ ಮಾನ ಉಳಿಸು" ಎಂದು ಕೈ ಮುಗಿದಳು.

ಶಾಲೆಯಲ್ಲಿ ಹೆಡ್‌ಮೇಷ್ಟ್ರು ಎಲ್ಲ ಮಕ್ಕಳ ಲ್ಯಾಪ್‌ಟಾಪುಗಳನ್ನೂ ಈಸಿಕೊಂಡು ಮೇಜಿನ ಮೇಲೆ ರಾಶಿ ಹಾಕಿದರು. ಮಕ್ಕಳನ್ನು ಸಾಲು ನಿಲ್ಲಿಸಿಕೊಂಡು, ಹಾರ ಹಿಡಿದುಕೊಂಡು ಊರ ಮುಂದಿನ ಕಮಾನಿಗೆ ಹೊರಟರು. "ಲೋ ಬೆಟ್ಟಸ್ವಾಮಿ, ನೀನು ಬರಬ್ಯಾಡ. ಈ ರಾಶಿ ನೋಡ್ಕೋ."

ರಾಶಿ! ಬೆಟ್ಟಸ್ವಾಮಿಗೆ ಅವ್ವನ ಮಾತು ನೆನಪಾಯಿತು. ಒಳಗಿಂದ ಚಿಟ್ಟೆ ಬಂದರೆ ಗತಿಯೇನು? ಬಿಸಿಯೂಟದ ಅಕ್ಕಿಚೀಲಗಳನ್ನು ಎಳೆದು ತಂದ. ತುಂಬಿದ. ಬಾಯಿ ಕಟ್ಟಿದ. ಶಾಲೆಯ ಹಿಂದಿನ ರಸ್ತೆಯಲ್ಲಿ ಬಸ್ಸು ಬಂತು, ಕೈ ಅಡ್ಡ ಹಾಕಿದ.

"ಹೊಂಬಾಳಮ್ಮನ ಗೂಡು ಅಣ್ಣಾ, ಮಾರ್ಕೆಟ್ಟಿಗೆ!"

"ಇದೇನ್ಲಾ ಗೂಡು, ಕಲ್ಲಿದ್ದಂಗೈತೆ!" ಎಂದು ಕಂಡಕ್ಟರು ಏದುಸಿರು ಬಿಡುತ್ತ ಎತ್ತಿ ಹಾಕಿಕೊಂಡ.

ಅತ್ತ ಹೊಂಬಾಳಮ್ಮ ಮಾರ್ಕೆಟ್ಟಿನಲ್ಲಿ ತನ್ನ ಗೂಡು ಮಾರಿ ಮುಗಿಸಿ, ಬಾಯಿಗೆ ಎಲೆಯಡಿಕೆ ಹಾಕಿಕೊಂಡು, ಮಗನಿಗೆ ಖಾರಾಸೇವೆ ಕಟ್ಟಿಸುವ ಯೋಚನೆಯಲ್ಲಿದ್ದಳು. ಧೊಪ್ಪೆಂದು ಚೀಲಗಳು ಬಂದು ಬಿದ್ದವು.

"ನಿಮ್ಮ ಮಗ ಕಳಿಸವ್ನೆ" ಎಂದ ಕಂಡಕ್ಟರು.

ನೂಲು ತೆಗೆಯುವ ಸಾಬರೊಬ್ಬರು ಗೂಡು ನೋಡಲು ಚೀಲಕ್ಕೆ ಕೈ ಹಾಕಿದರು. ಹೊರಗೆ ತೆಗೆದರು. ಹಿಂದೆ ಮುಂದೆ ತಿರುಗಿಸಿದರು. ಬೆರಳ ಗೆಣ್ಣಿನಿಂದ ಕೊಟ್ ಕೊಟ್ ಎಂದು ಬಡಿದರು. "ಅಮ್ಮಾ, ಇದ್ಯಾವ ತಳಿ? ಎಷ್ಟು ಹೊತ್ತು ಬೇಯಿಸ್ಬೇಕು?"

ಹೊಂಬಾಳಮ್ಮನ ಬಾಯಿಯ ಎಲೆಯಡಿಕೆ ಬಾಯಲ್ಲೇ ಉಳಿಯಿತು. "ಬೇಯಿಸ್ಬ್ಯಾಡಿ ಸ್ವಾಮಿ! ಬಿಡಿ! ಬಿಡಿ!" ಅವರ ಕೈಯಿಂದ ಕಿತ್ತುಕೊಂಡಳು. ಆಟೋ ಕೂಗಿದಳು, ಚೀಲ ಹೇರಿದಳು, ಚೀಲದ ಮೇಲೆ ತಾನು ಕೂತಳು. ದಾರಿಯುದ್ದಕ್ಕೂ ಕಂಡ ದೇವರಿಗೆಲ್ಲ ತೆಂಗಿನಕಾಯಿ ಹೇಳಿಕೊಂಡಳು.

ಶಾಲೆಗೆ ಬಂದರೆ ಸಾಹೇಬರು ಖಾಲಿ ಮೇಜಿನ ಮುಂದೆ ಕೂತು ಮೂರನೇ ಎಳನೀರು ಕುಡಿಯುತ್ತಿದ್ದರು. ಹೆಡ್‌ಮೇಷ್ಟ್ರ ಮುಖದಲ್ಲಿ ಹುಡುಕಿದರೂ ರಕ್ತ ಸಿಗುತ್ತಿರಲಿಲ್ಲ. ಅವಳು ಚೀಲ ಬಿಚ್ಚಿ ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿದಳು.

ಸಾಹೇಬರು ಒಂದರ ಗುಂಡಿ ಒತ್ತಿದರು. ಹತ್ತಲಿಲ್ಲ. ಇನ್ನೊಂದು. ಹತ್ತಲಿಲ್ಲ. ಮತ್ತೊಂದು. ಊಹೂಂ! ಹತ್ತುವುದು ಹೇಗೆ? ಜಾಣ ತಂದೆತಾಯಿಗಳು ಸವೆದುಹೋದೀತೆಂದು ಅರಿಶಿನ ಕುಂಕುಮ ಹಚ್ಚಿ, ಟ್ರಂಕಿನಲ್ಲಿ ಇಟ್ಟು ಬೀಗ ಜಡಿದಿದ್ದರು. ಕರೆಂಟು ತೋರಿಸಿದ್ದರೆ ತಾನೇ? ಈರಮ್ಮನ ಮೊಮ್ಮಗನ ಲ್ಯಾಪ್‌ಟಾಪಿನ ಮೇಲಂತೂ ಒಣಗಿದ ಚೆಂಡುಹೂವು ಅಂಟಿಕೊಂಡಿತ್ತು.

ಕೊನೆಗೆ ಬೂದಿ ಮೆತ್ತಿದ್ದೊಂದು ಉಳಿಯಿತು. ಹೊಂಬಾಳಮ್ಮ ಕಣ್ಣು ಮುಚ್ಚಿಕೊಂಡಳು. ಸಾಹೇಬರು ಒತ್ತಿದರು. ಝಗ್ಗೆಂದು ಹತ್ತಿತು!

"ಯಾರದಿದು?"

"ನಂದು ಸಾ" ಎಂದ ಬೆಟ್ಟಸ್ವಾಮಿ. "ಹುಳಕ್ಕೆ ಸೊಪ್ಪು, ಇದಕ್ಕೆ ಕರೆಂಟು."

ಸಾಹೇಬರಿಗೆ ಹುಳು ಯಾವುದೆಂದು ತಿಳಿಯಲಿಲ್ಲ. ಆದರೂ ಬೆನ್ನು ತಟ್ಟಿದರು. "ಶಭಾಷ್! ಇವನೊಬ್ಬನ ಹತ್ರ ಧೈರ್ಯವಾಗಿ ಬಿಡಿ. ಮಿಕ್ಕವೆಲ್ಲ ಬೀರುವಿನಲ್ಲಿರಲಿ."

ಹೊಂಬಾಳಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೇಬಿಟ್ಟಳು. ಹೆತ್ತ ದಿನದಿಂದ ಅವಳಿಗೆ ಅಂಥ ಸಂತೋಷ ಆಗಿರಲಿಲ್ಲ. ಅತ್ತು ಮುಗಿಸಿ, ಮಗನ ಕೆನ್ನೆ ಸವರಿ, ಗಟ್ಟಿಯಾಗಿ ಬುದ್ಧಿ ಹೇಳಿದಳು: "ಇನ್ಮ್ಯಾಕೆ ಶಾಲೇಲಿ ನಿನ್ನ ಲ್ಯಾಪ್‌ಟಾಪು ಒಂದು ಬಿಟ್ಟು ಬ್ಯಾರೆ ಏನನ್ನೂ ಮುಟ್ಟಬ್ಯಾಡ. ನನ್ನಾಣೆ!"

"ನಿನ್ನಾಣೆ ಕಣವ್ವ. ನಾಳೆಯಿಂದ ಹಂಗೇ ಮಾಡ್ತೀನಿ."

ಮಾರನೇ ದಿನ ಮಧ್ಯಾಹ್ನ ಹೊಂಬಾಳಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು, ಈರಮ್ಮನಿಗೆ ಕೇಳುವಂತೆ ಊರಿಗೆಲ್ಲ ಹೇಳುತ್ತಿದ್ದಳು: "ನನ್ನ ಮಗ ಈಗ ಲ್ಯಾಪ್‌ಟಾಪು ಬಿಟ್ಟು ಬ್ಯಾರೆ ಏನೂ ಮುಟ್ಟಾಕಿಲ್ಲ ಕಣ್ರವ್ವ!"

ಅದೇ ಹೊತ್ತಿಗೆ ಶಾಲೆಯಲ್ಲಿ ಬಿಸಿಯೂಟದ ಗಂಟೆ ಹೊಡೆಯಿತು. ಮಕ್ಕಳೆಲ್ಲ ತಟ್ಟೆ ಹಿಡಿದು ಸಾಲಾಗಿ ಕೂತರು. ಬೆಟ್ಟಸ್ವಾಮಿ ತಟ್ಟೆ ಮುಟ್ಟಲಿಲ್ಲ. ಅಡುಗೆಯ ಗೌರಕ್ಕ ಅತ್ತ ಯಾರಿಗೋ ಬಯ್ಯುತ್ತ, ಇತ್ತ ನೋಡದೆ, ಅನ್ನ ಹಾಕಿ ಸೌಟು ತುಂಬ ಸಾರು ಸುರಿದಳು. ಅವನು ಲ್ಯಾಪ್‌ಟಾಪನ್ನು ಇನ್ನಷ್ಟು ಅಗಲವಾಗಿ ತೆರೆದು ಹಿಡಿದ.

"ಇನ್ನೊಂದು ಸೌಟು ಬಿಡಕ್ಕೋ, ಗುಂಡಿ ಸಂದೀಲೆಲ್ಲಾ ಇಳಿದೋಯ್ತು!"