ಸಾಹೇಬರ ಬೀಗದಕೈ ಗೊಂಚಲು

ಹೂವು ಮಾರುವ ಪುಟ್ಟನಂಜಮ್ಮನಿಗೆ ಮೂರ್ಛೆರೋಗವಿತ್ತು. ದಿನಾ ಮಾತ್ರೆ ನುಂಗಿದರೆ ಬರುವುದಿಲ್ಲ, ಬಿಟ್ಟರೆ ಬರುತ್ತದೆ. ಮಾತ್ರೆಯ ಖರ್ಚಿಗೆ ಸರ್ಕಾರದ ನೆರವು ಮಂಜೂರು ಮಾಡುವ ಸಾಹೇಬರೊಬ್ಬರನ್ನು ಬಿಟ್ಟು ಇದು ಊರಿಗೆಲ್ಲ ಗೊತ್ತಿತ್ತು.

"ಗುಂಡುಕಲ್ಲಿನ ಹಾಗಿದ್ದೀಯ. ನೆರವು ಇರೋದು ಕಾಯಿಲೆಯವರಿಗೆ," ಅಂದರು ಸಾಹೇಬರು.

"ಮಾತ್ರೆ ನುಂಗೋದಕ್ಕೇ ಹೀಗಿದ್ದೀನಿ ಸ್ವಾಮಿ. ಮನೇಲಿ ಅದೂ ಮುಗೀತಾ ಬಂತು."

"ಕಾಯಿಲೆ ಇನ್ನೂ ಇದೆ ಅಂತ ನಾನು ಕಣ್ಣಾರೆ ನೋಡಬೇಕು."

ಪುಟ್ಟನಂಜಮ್ಮ ಬುಟ್ಟಿ ಇಳಿಸಿ, ಸಾಹೇಬರ ಕುರ್ಚಿಯ ಪಕ್ಕದಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತಳು. "ಆಗಲಿ ಸ್ವಾಮಿ. ಮಾತ್ರೆ ನುಂಗದೆ ಇಲ್ಲೇ ಕೂತಿರ್ತೀನಿ, ಬಂದಾಗ ನೋಡಿ. ಆ ಬೀಗದಕೈ ಗೊಂಚಲು ಈಗಲೇ ಕೊಟ್ಟುಬಿಡಿ."

ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡುವುದು ನಮ್ಮ ಕಡೆ ರೂಢಿ. ಅದರಿಂದ ಉಪಯೋಗವಿಲ್ಲ ಅಂತ ಡಾಕ್ಟರು ಹೇಳುತ್ತಾರೆ, ಆದರೂ ಜನ ಕೊಡುತ್ತಾರೆ. ಸಾಹೇಬರ ಗೊಂಚಲಿನಲ್ಲಿ ಕಚೇರಿ ಬೀರುವಿನದೂ ಇತ್ತು, ಸ್ಕೂಟರಿನದೂ ಇತ್ತು. ಅದನ್ನು ಅವರು ಹೆಂಡತಿಯ ಕೈಗೂ ಕೊಟ್ಟವರಲ್ಲ.

"ಇದನ್ನ ಯಾಕೆ ಕೊಡಲಿ?"

"ಹೋದ ಸಲ ಬಸ್ಸಿನಲ್ಲಿ ಮೂರ್ಛೆ ಬಂದಾಗ ಡ್ರೈವರು ಬಸ್ಸಿನ ಬೀಗದಕೈ ಕೊಟ್ಟಿದ್ದ. ನನ್ನ ಮುಷ್ಟಿ ಬಿಡಿಸೋಕಾಗದೆ ಬಸ್ಸು ಸಂಜೆವರೆಗೂ ಅಲ್ಲೇ ನಿಂತಿತ್ತು, ಪಾಪ."

ಸಾಹೇಬರು ಒಂದು ಕೈಯಲ್ಲಿ ಗೊಂಚಲನ್ನು ಜೇಬಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮಂಜೂರಾತಿಗೆ ಸಹಿ ಹಾಕಿದರು. "ಏಳಮ್ಮ ತಾಯಿ, ಮೊದಲು ಹೋಗಿ ಮಾತ್ರೆ ನುಂಗು."

ಬಾಗಿಲಲ್ಲಿ ಜವಾನ ಗಾಬರಿಯಿಂದ ಕೇಳಿದ. "ಅಕ್ಕಾ, ನಿಜವಾಗ್ಲೂ ಇವತ್ತು ಮಾತ್ರೆ ನುಂಗಿಲ್ವಾ?"

"ಬೆಳಿಗ್ಗೇನೇ ನುಂಗಿ ಬಂದೆ ಕಣಪ್ಪ. ಬಿದ್ದು ಒದ್ದಾಡಿದ್ರೂ ಕೈಗೊಂದು ಗುಂಡುಪಿನ್ನು ಕೊಡೋನಲ್ಲ ಇವನು."