ಮೀನಿನ ಮಡುವಿನ ಪಾಳಿ

“ಗುರುಗಳೇ, ಈ ಹೊಳೆಯನ್ನು ಜನರಿಂದ ಕಾಪಾಡುವುದು ಹೇಗೆ?”

ಹೀಗೆ ಕೇಳಿದ ಶಿಷ್ಯನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮಠದ ಕೆಳಗೆ ಹೊಳೆ ಬಂಡೆಗಳನ್ನು ಬಳಸಿಕೊಂಡು ತಿರುಗುತ್ತದೆ. ನೋಡಲು ಬಲು ಚೆಂದದ ಜಾಗ. ಅದನ್ನು ನೋಡಿಕೊಳ್ಳುವ ಹೊಣೆ ಅವನದು. ಬೆಳಗಾದರೆ ಕೋಲು ಹಿಡಿದು ದಡಕ್ಕೆ ಓಡುವನು. ಧ್ಯಾನಕ್ಕೆ ಕೂತರೂ ಒಂದು ಕಣ್ಣು ಅತ್ತಲೇ. ಈಗ ದಡದ ಉದ್ದಕ್ಕೂ ಮುಳ್ಳುಬೇಲಿ ಹಾಕಿಸಲು ಅಪ್ಪಣೆ ಬೇಡಲು ಬಂದಿದ್ದ.

“ಮೊದಲು ಕೂತುಕೋ. ಮುಳ್ಳು ಎಲ್ಲಿಗೂ ಓಡಿಹೋಗುವುದಿಲ್ಲ, ಆಮೇಲೆ ಕಡಿಯುವೆಯಂತೆ,” ಎಂದು ಗುರುಗಳು ಕತೆ ಹೇಳತೊಡಗಿದರು.

ಒಬ್ಬ ಅರಸನಿಗೆ ತನ್ನ ಸೀಮೆಯ ಒಂದು ಹೊಳೆಯ ಮೇಲೆ ಬಹಳ ಪ್ರೀತಿ. ಆ ಹೊಳೆಯಲ್ಲಿ ಒಂದು ಆಳದ ಮಡು. ಮಡುವಿನ ತುಂಬ ದೇವರ ಮೀನು. ಅರಸ ವರ್ಷಕ್ಕೊಮ್ಮೆ ಬಂದು ನೋಡಿ ಹೋಗುತ್ತಿದ್ದ. ಒಂದು ವರ್ಷ ತನ್ನ ಅಧಿಕಾರಿಯೊಬ್ಬನನ್ನು ಕರೆದು, “ಇದರ ಅಂದ ಕೆಟ್ಟರೆ ನಿನ್ನ ಪದವಿ ಉಳಿಯುವುದಿಲ್ಲ,” ಎಂದು ಹೇಳಿ ಹೋದ.

ಅಂದಿನಿಂದ ಅಧಿಕಾರಿಗೆ ನೆಮ್ಮದಿ ಇಲ್ಲ. ನಿಂತಲ್ಲಿ ನಿಲ್ಲಲಾರ, ಕೂತಲ್ಲಿ ಕೂರಲಾರ. ಅಗಸರ ಬಟ್ಟೆ ಕಂಡರೆ ನೀರು ಕೊಳೆಯಾಯಿತು ಎನ್ನಿಸುವುದು. ಅಂಬಿಗನ ಹರಿಗೋಲು ಕಂಡರೆ ಮೀನು ಬೆದರಿತು ಎನ್ನಿಸುವುದು. ಕೊನೆಗೆ, ಈ ಹೊಳೆ ಅರಮನೆಯದು, ಕೆಲಸವಿಲ್ಲದವರು ಇತ್ತ ಸುಳಿಯಬಾರದು ಎಂದು ಡಂಗುರ ಸಾರಿಸಿದ. ಅಗಸರ ಕಲ್ಲು ಕೀಳಿಸಿದ. ಅಂಬಿಗನನ್ನು ಆಚೆ ದಡಕ್ಕೆ ಅಟ್ಟಿದ. ದೂರದ ಊರಿನಿಂದ ಕಾವಲುಗಾರರನ್ನು ತಂದು ನಿಲ್ಲಿಸಿದ. ಹತ್ತಿರದವರನ್ನು ಇಟ್ಟರೆ ದಾಕ್ಷಿಣ್ಯಕ್ಕೆ ಬೀಳುತ್ತಾರೆ ಎಂಬುದು ಅವನ ಲೆಕ್ಕ. ಆಮೇಲೆ ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಅನುಮಾನ ಹೊಕ್ಕಿತು. ಕಾವಲುಗಾರರನ್ನು ಕಾಯಲು ತಾನೇ ಸುತ್ತತೊಡಗಿದ.

ಒಂದು ಪದ್ಧತಿಯನ್ನು ಮಾತ್ರ ಅವನು ನಿಲ್ಲಿಸಲಿಲ್ಲ. ಮಡುವಿನ ಮೀನಿಗೆ ಊರಿನ ಒಂದೊಂದು ಮನೆಯವರು ಒಂದೊಂದು ದಿನ ಅಕ್ಕಿ ಹಾಕಬೇಕು. ಅದು ಅಜ್ಜ ಮುತ್ತಜ್ಜರ ಕಾಲದಿಂದ ಬಂದ ಪಾಳಿ. ಯಾವ ದಿನ ಯಾರ ಪಾಳಿ ಎಂಬುದನ್ನು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಅಕ್ಕಿ ಸಿಗದಿದ್ದರೆ ಮೀನು ಬೇರೆ ಕಡೆ ಹೋದಾವು, ಅರಸ ಬಂದಾಗ ಕಾಣಲಿಕ್ಕಿಲ್ಲ ಎಂದು ಅಧಿಕಾರಿ ಹೆದರಿದ. ಆದರೆ ಸುಮ್ಮನೆ ಬಿಟ್ಟರೆ ಅವನು ಅಧಿಕಾರಿ ಹೇಗಾದಾನು? ಒಂದು ಹಿತ್ತಾಳೆಯ ಬಿಲ್ಲೆ ಮಾಡಿಸಿದ. ಬಿಲ್ಲೆ ತೋರಿಸಿದವರನ್ನು ಮಾತ್ರ ಒಳಗೆ ಬಿಡಬೇಕು. ಅಕ್ಕಿ ಹಾಕಿ ಬಂದವರು ಅದನ್ನು ಮುಂದಿನ ಮನೆಗೆ ದಾಟಿಸಬೇಕು. ಹೀಗೆ ಬಿಲ್ಲೆ ಮನೆಯಿಂದ ಮನೆಗೆ ತಿರುಗತೊಡಗಿತು.

ಹೀಗಿರುವಾಗ ಪಾಳಿ ಬಂದ ಒಂದು ಮನೆಯಲ್ಲಿ ಸಾವಾಯಿತು. ಅಳುವವರು, ಹೊರುವವರು ಎಂದು ಮನೆ ತುಂಬ ಜನ. ಆ ಗದ್ದಲದಲ್ಲಿ ಪರವೂರಿನ ಮೀನು ವ್ಯಾಪಾರಿಯೊಬ್ಬ ಬಿಲ್ಲೆಯನ್ನು ಎತ್ತಿಕೊಂಡ. ಮರುದಿನ ಬೆಳಿಗ್ಗೆ ಅಕ್ಕಿಗೆ ಕಾಡಿನ ವಿಷಕಾಯಿ ಅರೆದು ಕಲಸಿ, ಬುಟ್ಟಿ ಹೊತ್ತು ಮಡುವಿಗೆ ಬಂದ. ಕಾವಲುಗಾರರು ಬಿಲ್ಲೆ ನೋಡಿದರು, ಮುಖ ನೋಡಲಿಲ್ಲ. ನೋಡಿದ್ದರೂ ಅವರಿಗೆ ಯಾರ ಮುಖದ ಗುರುತು ಇತ್ತು? ಸಾವಾದ ಮನೆಗೆ ಸೂತಕ, ಅಲ್ಲಿಂದ ಅಕ್ಕಿ ಹೊರಡುವುದಿಲ್ಲ, ಪಾಳಿ ಪಕ್ಕದ ಮನೆಗೆ ಹೋಗುತ್ತದೆ. ಇದು ಊರಿನ ಮಕ್ಕಳಿಗೂ ಗೊತ್ತು. ಕಾವಲುಗಾರರಿಗೆ ಸಾವಿನ ಸುದ್ದಿಯೂ ಗೊತ್ತಿರಲಿಲ್ಲ.

ಆಚೆ ದಡದಲ್ಲಿ ಅಂಬಿಗನಿದ್ದ. ಬುಟ್ಟಿ ಹೊತ್ತವನನ್ನು ಕಂಡು, ಇವನು ಊರಿನವನಲ್ಲ ಎಂದು ಅವನು ಗುರುತಿಸಿದ. ಕೂಗಲೆಂದು ಬಾಯಿ ತೆರೆದ. ಡಂಗುರದ ಮಾತು ನೆನಪಾಯಿತು. ಬಾಯಿ ಮುಚ್ಚಿಕೊಂಡ.

ಅಕ್ಕಿ ಬಿದ್ದ ಸದ್ದಿಗೆ ಮೀನುಗಳು ಎಂದಿನಂತೆ ನಂಬಿಕೆಯಿಂದ ಮೇಲೆ ಬಂದವು. ಹೊತ್ತು ಏರುವುದರೊಳಗೆ ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲಿದವು. ವ್ಯಾಪಾರಿ ಕಾವಲಿಲ್ಲದ ಕೆಳಹರಿವಿನಲ್ಲಿ ಬಲೆ ಕಟ್ಟಿ ಬಾಚಿಕೊಂಡು ಹೋದ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಅಧಿಕಾರಿ ಎಲ್ಲ ಕಡೆ ಜನ ಓಡಿಸಿದ. ಯಾರೂ ಸಿಗಲಿಲ್ಲ. ಕೊನೆಗೆ, ಅಂಬಿಗ ಎಲ್ಲ ನೋಡಿದ್ದನೆಂದು ತಿಳಿದು, ತಾನೇ ನೀರಿಗಿಳಿದು ಆಚೆ ದಡಕ್ಕೆ ಹೋದ. ಪದವಿಯ ಭಯವೊಂದೇ ಅಲ್ಲ, ಆ ಮೀನುಗಳನ್ನು ದಿನವೂ ನೋಡಿ ನೋಡಿ ಅವನಿಗೂ ಅವುಗಳ ಮೇಲೆ ಜೀವ ಕೂತಿತ್ತು.

“ಕಣ್ಣಾರೆ ಕಂಡೂ ಸುಮ್ಮನಿದ್ದೆಯಲ್ಲ, ಒಂದು ಕೂಗು ಹಾಕಿದ್ದರೆ ಏನಾಗುತ್ತಿತ್ತು?” ಎಂದು ಅಂಬಿಗನನ್ನು ಕೇಳಿದ.

“ಹೊಳೆ ಅರಮನೆಯದು ಅಂತ ನೀವೇ ಸಾರಿಸಿದಿರಿ ಒಡೆಯಾ. ಅರಮನೆ ಹೊಳೆಗೆ ಯಾರು ಬಂದರೆ ನಮಗೇನು ಅಂತ ಹಟ ಹಿಡಿದೆ. ತಪ್ಪಾಯಿತು. ಮೀನು ತೇಲಿದ ಮೇಲೆ ನಮ್ಮ ಕೇರಿಯಲ್ಲಿ ಯಾರೂ ಒಲೆ ಹಚ್ಚಿಲ್ಲ.”

ಅಧಿಕಾರಿ ಅವನ ಎದುರೇ ಮರಳಿನ ಮೇಲೆ ಕೂತ. “ಇನ್ನು ಮುಂದಿನ ಪಾಳಿ ಯಾರದು?” ಎಂದು ಕೇಳಿದ.

“ಈಗ ಹೊಳೆಗೇ ಸೂತಕ. ಅದು ಕಳೆದ ಮೇಲೆ ಮೊದಲ ಪಾಳಿ ನಿಮ್ಮದು. ಆಳಿನ ಕೈಲಿ ಕಳಿಸಬೇಡಿ, ಅಕ್ಕಿ ನೀವೇ ತೊಳೆದು ತನ್ನಿ.”

ಅಧಿಕಾರಿ ಕಾವಲುಗಾರರನ್ನು ಅವರ ಊರಿಗೆ ಕಳಿಸಿದ. ಅಗಸರ ಕಲ್ಲುಗಳನ್ನು ಮತ್ತೆ ಹಾಕಿಸಿದ. ಬಿಲ್ಲೆ ಮಾಡಿಸಲಿಲ್ಲ. ಸೂತಕ ಕಳೆದ ದಿನ ಅಕ್ಕಿ ತೊಳೆದು ತಂದು ಹಾಕಿದ. ಒಂದು ಮೀನೂ ಬರಲಿಲ್ಲ. ಅಷ್ಟರಲ್ಲಿ ಅರಸ ಬಂದ. ಬರಿದಾದ ಮಡುವನ್ನು ಕಂಡು ಅಧಿಕಾರಿಯನ್ನು ಪದವಿಯಿಂದ ಇಳಿಸಿದ. ಅವನು ಊರು ಬಿಟ್ಟು ಹೋಗಲಿಲ್ಲ. ಪದವಿ ಹೋದರೂ ಪಾಳಿ ಹೋಗಿರಲಿಲ್ಲವಲ್ಲ. ತನ್ನ ಸರದಿ ಬಂದಾಗ ಬುಟ್ಟಿ ಹೊತ್ತು ಹೋಗುತ್ತಿದ್ದ. ಅಗಸರು, “ಬನ್ನಿ, ಇವತ್ತು ನಿಮ್ಮದಲ್ಲವೇ,” ಎಂದು ದಾರಿ ಬಿಡುತ್ತಿದ್ದರು. ಮೀನು ಮತ್ತೆ ಮಡುವಿಗೆ ಬರಲು ಬಹಳ ಕಾಲ ಹಿಡಿಯಿತು, ಆದರೆ ಬಂದವು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಆಗಲೇ ಎದ್ದು ನಿಂತಿದ್ದ.

“ತಿಳಿಯಿತು ಗುರುಗಳೇ. ಬೇಲಿ ಬೇಡ. ಹೊಳೆಯ ದಡದವರನ್ನೆಲ್ಲ ನಾಳೆ ಬೆಳಿಗ್ಗೆಯೇ ಕರೆಯುತ್ತೇನೆ. ಇಲ್ಲಿಗೆ ಬಂದು ಇಷ್ಟು ವರ್ಷವಾಯಿತು, ನನಗೆ ಇದು ಹೊಳೆಯಲೇ ಇಲ್ಲ.”

“ಯಾರನ್ನು ಕರೆಯುತ್ತೀ? ಅವರಲ್ಲಿ ಒಬ್ಬರ ಹೆಸರು ಹೇಳು.”

ಶಿಷ್ಯ ಕೋಲು ಹಿಡಿಯದೆ, ಹೆಸರು ಕೇಳಿಕೊಂಡು ಬರಲು ದಡದತ್ತ ಇಳಿದ.