ಬಳೆಗಾರ್ತಿಯ ಸೀತಾಳೆ ಗಿಡ

“ಗುರುಗಳೇ, ಇನ್ನೇನು ಕೊಡಲಿ?” ಎಂದು ಶಿಷ್ಯೆ ಮುರಿಗೆವ್ವ ಕೇಳಿದಳು.

ಅವಳ ತಂಗಿ ದೊಡ್ಡ ಜ್ವರದಿಂದ ಎದ್ದಿದ್ದಳು. ಮುರಿಗೆವ್ವ ಅವಳನ್ನು ತನ್ನ ಮನೆಗೆ ಕರೆತಂದು ಎರಡು ತಿಂಗಳಾಗಿತ್ತು.

“ಹಾಲು ಕೊಟ್ಟೆ, ತುಪ್ಪ ಕೊಟ್ಟೆ. ಗಾಳಿ ತಾಗದಂತೆ ಕಿಟಕಿ ಮುಚ್ಚಿದೆ. ನಿನ್ನೆ ಪೊರಕೆ ಹಿಡಿದಿದ್ದಳು, ಕೈಯಿಂದ ಕಿತ್ತುಕೊಂಡೆ. ಜ್ವರ ಪೂರ್ತಿ ಬಿಟ್ಟಿದೆ ಎಂದು ವೈದ್ಯರು ಹೇಳುತ್ತಾರೆ. ಆದರೂ ದಿನದಿನಕ್ಕೆ ಬಾಡುತ್ತಿದ್ದಾಳೆ. ನನ್ನ ಕೈಯಲ್ಲೇ ಅವಳಿಗೆ ಏನಾದರೂ ಆದರೆ ನಾನು ಯಾರಿಗೆ ಮುಖ ತೋರಿಸಲಿ?”

ಗುರುಗಳು ಅವಳನ್ನು ಕೂರಿಸಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರ್ತಿ ಇದ್ದಳು. ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿ ಬೀದಿ ತಿರುಗಿ, ಕಡೆಗೆ ಪೇಟೆಯಲ್ಲಿ ಸ್ವಂತ ಅಂಗಡಿ ಇಟ್ಟವಳು. ಓದನ್ನೂ ಬಳೆ ಪೆಟ್ಟಿಗೆಗಳ ಮೇಲಿನ ಚೀಟಿ ನೋಡಿಯೇ ಕಲಿತವಳು. ಯಾರನ್ನೂ ಏನನ್ನೂ ಕೇಳಿದವಳಲ್ಲ. ಆ ಹೆಮ್ಮೆ ಅವಳಿಗಿತ್ತು, ಇರಬೇಕಾದದ್ದೇ. ಊರಿನ ಹೆಂಗಸರಿಗೆಲ್ಲ ಡಜನ್‌ಗಟ್ಟಲೆ ತೊಡಿಸುವ ಅವಳು ತಾನು ಮಾತ್ರ ಕೈಗೆ ಒಂದೊಂದೇ ಬಳೆ ಇಟ್ಟುಕೊಂಡಿದ್ದಳು. ಹೆಚ್ಚಾದರೆ ಕೆಲಸಕ್ಕೆ ಅಡ್ಡಿ ಎನ್ನುತ್ತಿದ್ದಳು.

ಅವಳ ನೆರೆಮನೆಯಲ್ಲಿ ಒಬ್ಬ ಸೂಲಗಿತ್ತಿ. ಸೂಲಗಿತ್ತಿಯ ಜಗಲಿಯಲ್ಲಿ ಒಂದು ಸೀತಾಳೆ ಗಿಡ ತೂಗುತ್ತಿತ್ತು. ಪೇಟೆಯವರು ಅದನ್ನು ಆರ್ಕಿಡ್ ಎನ್ನುತ್ತಾರೆ. ಮದುವೆಯಾಗಿ ಬರುವಾಗ ತಾಯಿ ತೆಂಗಿನ ಸಿಪ್ಪೆಗೆ ಕಟ್ಟಿಕೊಟ್ಟದ್ದು. ತಾಯಿ ಹೋಗಿ ಎಷ್ಟೋ ಕಾಲವಾಗಿತ್ತು, ಗಿಡ ಉಳಿದಿತ್ತು. ವರ್ಷಕ್ಕೊಮ್ಮೆ ಅದರಿಂದ ಜಡೆಯಂತೆ ಒಂದು ದಂಡೆ ಹೂ ಇಳಿಯುತ್ತಿತ್ತು.

ಸೂಲಗಿತ್ತಿ ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಪರವೂರಿಗೆ ಹೊರಟಳು. ಗಿಡವನ್ನು ಬಳೆಗಾರ್ತಿಯ ಕೈಗೆ ಕೊಟ್ಟಳು. “ಮೂರು ದಿನಕ್ಕೊಮ್ಮೆ ನೀರು ಚಿಮುಕಿಸು, ಸಾಕು” ಎಂದಳು. “ನೀನು ಬರುವಷ್ಟರಲ್ಲಿ ಎರಡರಷ್ಟು ಮಾಡಿಡುತ್ತೇನೆ” ಎಂದಳು ಬಳೆಗಾರ್ತಿ.

ಮನೆಗೆ ತಂದು ನೋಡಿದಳು. ಗಿಡಕ್ಕೆ ಹಿಡಿ ಮಣ್ಣಿಲ್ಲ. ಬೇರುಗಳು ಬತ್ತಲಾಗಿ ಗಾಳಿಯಲ್ಲಿ ನೇತಾಡುತ್ತಿದ್ದವು. ನನ್ನ ಮನೆಗೆ ಬಂದದ್ದು ಉಪವಾಸ ಇರಬಾರದು ಎಂದುಕೊಂಡಳು. ದೊಡ್ಡ ಕುಂಡ ತಂದಳು. ಕೆಮ್ಮಣ್ಣು, ಹಟ್ಟಿಗೊಬ್ಬರ ತುಂಬಿ, ಗಿಡವನ್ನು ಅದರಲ್ಲಿಟ್ಟು ಗಟ್ಟಿಯಾಗಿ ಒತ್ತಿದಳು. ಬೆಳಿಗ್ಗೆ ಒಂದು ಚೊಂಬು ನೀರು. ಸಂಜೆ ಒಂದು ಚೊಂಬು ಅಕ್ಕಿ ತೊಳೆದ ನೀರು.

ವಾರದಲ್ಲಿ ಒಂದು ಎಲೆ ಹಳದಿಯಾಯಿತು. ಅವಳು ಕಡಲೆ ಹಿಂಡಿ ನೆನೆಸಿ ಹಾಕಿದಳು. ಇನ್ನೆರಡು ಎಲೆ ಉದುರಿದವು. ಇನ್ನಷ್ಟು ಹಿಂಡಿ ಹಾಕಿದಳು. ಒಂದು ತಿಂಗಳಾಗುವಾಗ ಏಳು ಎಲೆಗಳಲ್ಲಿ ನಾಲ್ಕು ಹೋಗಿದ್ದವು. ಸೂಲಗಿತ್ತಿಗೆ ಏನು ಹೇಳಲಿ ಎಂದು ಅವಳಿಗೆ ಅನ್ನ ಸೇರದಾಯಿತು. ಆದರೂ ಯಾರನ್ನೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಕಾಡಿನ ಕಡೆಯಿಂದ ಸೌದೆ ಮಾರುವವಳು ಬಂದಳು. ಕುಂಡ ನೋಡಿ ನಿಂತಳು.

“ಅಕ್ಕಾ, ಇದನ್ನು ಯಾವಾಗ ಹೂತಿರಿ?”

“ಹೂಳುವುದೇನು? ನೆಟ್ಟಿದ್ದೇನೆ. ಇದಕ್ಕೇನಾಗಿದೆ ಎಂದು ನನಗೆ ಗೊತ್ತು. ನಿನಗೆ ಗೊತ್ತಿದೆಯೋ ಇಲ್ಲವೋ ಹೇಳು ನೋಡೋಣ.”

“ಇದು ಮರದ ಕೊಂಬೆಯ ಮೇಲೆ ಕೂತು ಗಾಳಿ ಕುಡಿಯುವ ಗಿಡ. ಬೇರಿಗೆ ಉಸಿರು ಕಟ್ಟಿದೆ.”

“ಹಾಗಾದರೆ ಯಾವ ಗೊಬ್ಬರ ಹಾಕಲಿ?”

ಸೌದೆಯವಳು ತಲೆಯ ಮೇಲೆ ಹೊರೆ ಹೊತ್ತು ನಗಲಾರದೆ ಅದನ್ನು ಕೆಳಗಿಳಿಸಿದಳು. ಆಮೇಲೆ ಕೂತು ನಕ್ಕಳು.

ಇಬ್ಬರೂ ಸೇರಿ ಗಿಡವನ್ನು ಮಣ್ಣಿನಿಂದ ಬಿಡಿಸಿದರು. ಬೇರುಗಳು ಬೆಂದ ಬದನೆಕಾಯಿಯಂತೆ ಮೆತ್ತಗಾಗಿದ್ದವು. ಹನ್ನೊಂದರಲ್ಲಿ ಎರಡು ಮಾತ್ರ ಗಟ್ಟಿ. ಕತ್ತರಿಯನ್ನು ಬೆಂಕಿಗೆ ಹಿಡಿದು, ಕೊಳೆತದ್ದನ್ನೆಲ್ಲ ಕತ್ತರಿಸಿದರು. ಗಾಯಕ್ಕೆ ಅರಿಸಿನ ಹಚ್ಚಿ ಒಂದು ದಿನ ನೆರಳಿನಲ್ಲಿ ಒಣಗಲು ಬಿಟ್ಟರು. ಮಾರನೆಯ ದಿನ, ಮೈಯೆಲ್ಲ ತೂತುಗಳಿದ್ದ, ಬಾಯಿ ಕಿರಿದಾದ ಒಂದು ಮಡಕೆಗೆ ಇದ್ದಿಲು, ಹೆಂಚಿನ ಚೂರು, ತೆಂಗಿನ ನಾರು ತುಂಬಿ ಅದರ ಮೇಲೆ ಗಿಡ ಕೂರಿಸಿ ಜಗಲಿಯಲ್ಲಿ ತೂಗುಹಾಕಿದರು.

“ಮೂರು ದಿನಕ್ಕೊಮ್ಮೆ ನೀರು ಚಿಮುಕಿಸಿ. ಉಳಿದ ಹೊತ್ತು ಮುಟ್ಟಬೇಡಿ” ಎಂದಳು ಸೌದೆಯವಳು.

“ಉಳಿದ ಹೊತ್ತು ಏನು ಮಾಡಲಿ?”

“ಬಳೆ ಮಾರಿ.”

ಬಳೆಗಾರ್ತಿ ಮಾರಿದಳು. ಆದರೆ ಅದೇ ಸಂಜೆ ಮಡಕೆಗೆ ಕೈ ಹಾಕಿ, ಬೇರು ಬಂತೇ ಎಂದು ಗಿಡವನ್ನು ಎತ್ತಿ ನೋಡಿದಳು. ಮರುದಿನ ಬೆಳಿಗ್ಗೆ ಎತ್ತಿದಳು. ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಎತ್ತಿದಳು. ನಾಲ್ಕನೆಯ ದಿನ ಎತ್ತುವಾಗ ಇದ್ದಿಲಿಗೆ ಸಿಕ್ಕಿ ಒಂದು ಬೇರು ಪಟ್ಟೆಂದು ಮುರಿಯಿತು. ಈಗ ಉಳಿದದ್ದು ಒಂದು.

ಅವಳು ಗಿಡವನ್ನು ಇಟ್ಟು ಅಂಗಡಿಗೆ ಹೋಗಿ ಕೂತಳು.

ಒಬ್ಬ ಹೆಂಗಸು ಬಳೆ ತೊಡಲು ಬಂದಳು. ಕೈಯನ್ನು ಮರದಂತೆ ಬಿಗಿ ಹಿಡಿದಿದ್ದಳು. ಬಳೆಗಾರ್ತಿ ಅಭ್ಯಾಸದಂತೆ ಬಳೆಯನ್ನು ಬೆರಳ ಗಿಣ್ಣಿನ ಬಳಿ ನಿಲ್ಲಿಸಿ, ಆ ಹೆಂಗಸಿನ ಅತ್ತೆಯ ಸುದ್ದಿ ತೆಗೆದಳು. ತಾನು ಒತ್ತಲಿಲ್ಲ. ಹೆಂಗಸು ನಕ್ಕಳು, ಕೈ ಸಡಿಲವಾಯಿತು, ಬಳೆ ತಾನಾಗಿ ಇಳಿಯಿತು. ಮೂವತ್ತು ವರ್ಷದಿಂದ ಬಳೆಗಾರ್ತಿ ಇದನ್ನೇ ಮಾಡಿದ್ದಳು. ಒತ್ತಿದರೆ ಒಡೆಯುತ್ತದೆ ಎಂದು ಅವಳಷ್ಟು ಬಲ್ಲವರು ಆ ಪೇಟೆಯಲ್ಲಿ ಇರಲಿಲ್ಲ.

ಹೆಂಗಸು ಹೋದ ಮೇಲೆ ಅವಳು ಕಪಾಟು ತೆರೆದಳು. ತನ್ನ ಕೈಗೆ ಬಹಳ ಕಷ್ಟದಿಂದ ಹಿಡಿಸುವ, ಸುಲಭಕ್ಕೆ ಕಳಚಲಾಗದ ಚಿಕ್ಕ ಅಳತೆಯ ಗಾಜಿನ ಬಳೆಗಳನ್ನು ತೆಗೆದು, ಕೈಗೊಂದು ಡಜನ್ ತೊಟ್ಟಳು. ಇನ್ನು ಮಡಕೆಗೆ ಕೈ ಹಾಕಿದರೆ ಬಳೆ ಅದರ ಬಾಯಿಗೆ ತಗುಲಿ ಒಡೆಯಬೇಕು.

ಒಡೆದವು. ಮೊದಲ ವಾರ ಒಂಬತ್ತು. ಒಡೆದಷ್ಟನ್ನೂ ಹಟ ಹಿಡಿದು ಮತ್ತೆ ತೊಟ್ಟಳು. ಎರಡನೆಯ ವಾರ ನಾಲ್ಕು. ಮೂರನೆಯ ವಾರ ಒಂದು. ಅದೂ ಅಂಗಡಿಯ ಬಾಗಿಲಿಗೆ ತಗುಲಿ. ನೀರು ಚಿಮುಕಿಸಲು ಬೆರಳ ತುದಿ ಸಾಕಾಗುತ್ತಿತ್ತು. ಪೇಟೆಯ ಹೆಂಗಸರು “ಬಳೆಗಾರ್ತಿಗೆ ಈ ವಯಸ್ಸಿನಲ್ಲಿ ಸೀಮಂತವೇನೇ?” ಎಂದು ನಕ್ಕರು. ಅವಳೂ ನಕ್ಕಳು, ಗಿಡದ ಮಾತೆತ್ತಲಿಲ್ಲ. ಆಮೇಲೆ ಬಳೆ ಒಡೆಯುವುದು ನಿಂತುಹೋಯಿತು.

ಸೂಲಗಿತ್ತಿ ಬಂದಳು. ಬಳೆಗಾರ್ತಿ ಇರುವೆಯ ಮೇಲೆ, ಬಿಸಿಲಿನ ಮೇಲೆ, ಬೆಕ್ಕಿನ ಮೇಲೆ ತಪ್ಪು ಹೊರಿಸುವ ಮಾತುಗಳನ್ನು ಸಿದ್ಧಮಾಡಿಟ್ಟಿದ್ದಳು. ಗೆಳತಿಯ ಮುಖ ಕಂಡಾಗ ಒಂದೂ ಬಾಯಿಗೆ ಬರಲಿಲ್ಲ.

“ನಾನೇ ಕೆಡಿಸಿದೆ” ಎಂದಳು. ಹುಟ್ಟಿದಂದಿನಿಂದ ಅವಳು ಆ ಮಾತು ಆಡಿರಲಿಲ್ಲ.

ಸೂಲಗಿತ್ತಿ ಗಿಡವನ್ನು ನೋಡಿದಳು. ಎಲೆ ಮೂರೇ ಇದ್ದವು. ಆದರೆ ಮಡಕೆಯ ಒಂದು ತೂತಿನಿಂದ, ತುದಿ ಹಸಿರಾದ ಹೊಸ ಬೇರೊಂದು ಹೊರಗೆ ಇಣುಕಿತ್ತು. ಅವಳು ಬಳೆಗಾರ್ತಿಯ ಕೈಗಳನ್ನೂ ನೋಡಿದಳು. ಎಲ್ಲವನ್ನೂ ಕೇಳಿ ತಿಳಿದಳು.

“ನಲವತ್ತು ವರ್ಷ ಹೆರಿಗೆ ಮಾಡಿಸಿ ನಾನು ಕಲಿತದ್ದನ್ನು ಮೂರೇ ತಿಂಗಳಲ್ಲಿ ಕಲಿತೆಯಲ್ಲೇ! ನನಗೆ ಇಷ್ಟು ಬಳೆ ಖರ್ಚಾಗಿರಲಿಲ್ಲ, ಅಷ್ಟೇ” ಎಂದಳು.

ಮರುವರ್ಷ ಗಿಡ ಒಂದು ದಂಡೆ ಹೂ ಬಿಟ್ಟಿತು. ಸೂಲಗಿತ್ತಿ ಅದನ್ನು ಬಿಡಿಸಿ ಬಳೆಗಾರ್ತಿಯ ಮುಡಿಗೆ ಇಟ್ಟಳು.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆವ್ವನ ಮುಖ ಅರಳಿತ್ತು. ಅವಳು ಸೆರಗು ಸಿಕ್ಕಿಸಿಕೊಂಡು ಎದ್ದಳು.

“ತಿಳಿಯಿತು ಗುರುಗಳೇ. ಹಾಗಾದರೆ ನಾಳೆಯಿಂದ ತಂಗಿಗೆ ಏನು ಕೊಡಲಿ?”

“ಹೋಗುವ ದಾರಿಯಲ್ಲಿ ಬಳೆ ಅಂಗಡಿ ಇದೆ ತಾಯಿ, ಚಿಕ್ಕ ಅಳತೆಯದನ್ನೇ ಕೇಳು” ಎಂದರು ಗುರುಗಳು.

ಮುರಿಗೆವ್ವ ತನ್ನ ಎರಡು ಕೈಗಳನ್ನು ನೋಡಿಕೊಂಡಳು.